ಸುಣ್ಣಕ್ಕೆ ನಾಲಿಗೆ ಸುಡದಂತೆ ಎಲೆ ಹಾಕಿಕೊಳ್ಳುವುದು

ಮದುವೆ ಊಟ ಮುಗಿದು ಎಲೆ ಅಡಿಕೆ ತಟ್ಟೆ ಎದುರಿಗೆ ಬಂದಾಗ ಹೊಸಬರು ಮಾಡುವ ತಪ್ಪು ಸಾಮಾನ್ಯವಾಗಿ ಒಂದೇ. ಸುಣ್ಣವನ್ನು ರೊಟ್ಟಿಗೆ ಬೆಣ್ಣೆ ಸವರಿದಂತೆ ಸವರಿಬಿಡುತ್ತಾರೆ. ನಾಲ್ಕು ಸಲ ಜಗಿಯುವಷ್ಟರಲ್ಲಿ ನಾಲಿಗೆಯ ತುದಿ ಚುರುಗುಟ್ಟುತ್ತದೆ, ಕೆನ್ನೆಯ ಒಳಮೈ ಸುಲಿದಂತಾಗುತ್ತದೆ. ಮರುದಿನ ಶೇಂಗಾ ಹಿಂಡಿ, ಕೆಂಪು ಖಾರ ಏನನ್ನೂ ಬಾಯಿಗೆ ತರುವಂತಿಲ್ಲ. ಪಕ್ಕದಲ್ಲಿ ಕೂತ ಹಿರಿಯರು ನಕ್ಕು, ‘ಒಂದ್ಸಲ ಸುಟ್ಟರ ರೂಢಿ ಆಗ್ತದ ಬಿಡೋ ತಮ್ಮಾ’ ಅನ್ನುತ್ತಾರೆ. ಆ ಮಾತನ್ನು ನಂಬಬೇಡಿ. ಸುಟ್ಟ ಚರ್ಮಕ್ಕೆ ಮತ್ತೆ ಮತ್ತೆ ಸುಣ್ಣ ಮುಟ್ಟಿಸುವುದರಿಂದ ಆಗುವುದು ಗಾಯ, ರೂಢಿಯಲ್ಲ.

ಮೊದಲೇ ಒಂದು ಮಾತು ಸ್ಪಷ್ಟವಾಗಲಿ. ಅಡಿಕೆ ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ. ತಂಬಾಕು ಸೇರಿಸದ ಎಲೆ ಅಡಿಕೆಗೂ ಆ ಮಾತು ಅನ್ವಯಿಸುತ್ತದೆ. ಹಾಗಾಗಿ ದಿನಾ ಹಾಕಿಕೊಳ್ಳುವುದನ್ನು ಕಲಿಸಲು ಇದನ್ನು ಬರೆಯುತ್ತಿಲ್ಲ. ಹಬ್ಬಕ್ಕೋ ಸೀಮಂತಕ್ಕೋ ಬೀಗರ ಊಟಕ್ಕೋ ಅಪರೂಪಕ್ಕೆ ಎಲೆ ಹಾಕಿಕೊಳ್ಳುವವರು ಬಾಯಿ ಸುಟ್ಟುಕೊಳ್ಳದಿರಲಿ ಎಂಬುದಷ್ಟೇ ಉದ್ದೇಶ. ದಿನವೂ ಹಾಕಿಕೊಳ್ಳುವವರು ಲೇಖನದ ಕೊನೆಯ ಭಾಗವನ್ನು ಮೊದಲು ಓದಿದರೆ ಒಳ್ಳೆಯದು.

ಸುಡುವುದು ಯಾಕೆ?

ಸುಣ್ಣ ಹುಟ್ಟುವುದು ಕಲ್ಲಿನಿಂದ. ನಮ್ಮ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸುತ್ತ ಎಲ್ಲಿ ನೆಲ ಅಗೆದರೂ ಹೆಚ್ಚಾಗಿ ಸಿಗುವುದು ಸುಣ್ಣದಕಲ್ಲು. ಚಿಂಚೋಳಿ ತಾಲ್ಲೂಕಿಗೂ ಅದು ಚಾಚಿದೆ. ಮನೆಯ ನೆಲಕ್ಕೆ ಹಾಸುವ ಶಹಾಬಾದಿ ಫರ್ಸಿ ಅದೇ ಕಲ್ಲು. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ ಕನಗನಹಳ್ಳಿಯ ಬೌದ್ಧ ಸ್ತೂಪದ ಶಿಲ್ಪಗಳನ್ನು ಕಡೆದದ್ದೂ ಸುಣ್ಣದಕಲ್ಲಿನಲ್ಲೇ. ಇವತ್ತು ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ನಡೆಯುತ್ತಿರುವುದೂ ಈ ಕಲ್ಲನ್ನು ನಂಬಿಯೇ.

ಈ ಕಲ್ಲು ಭಟ್ಟಿಗೆ ಹೋಗುವ ಮೊದಲು ನಿರುಪದ್ರವಿ. ಫರ್ಸಿಯನ್ನು ನೆಕ್ಕಿದರೂ ನಾಲಿಗೆ ಸುಡುವುದಿಲ್ಲ. ಆದರೆ ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವು ಕೊಟ್ಟರೆ ಕಲ್ಲಿನೊಳಗಿನ ಇಂಗಾಲದ ಡೈ ಆಕ್ಸೈಡ್ ಹಾರಿಹೋಗಿ ಬೆಳ್ಳಗಿನ, ಹಗುರವಾದ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ತಾಗಿದರೆ ಬುಸುಗುಟ್ಟುತ್ತದೆ, ನೀರು ಕುದಿಯುವಷ್ಟು ಬಿಸಿಯಾಗುತ್ತದೆ. ಬಿಸಿ ಇಳಿದು ಬೆಣ್ಣೆಯ ಹದಕ್ಕೆ ಬಂದದ್ದೇ ನಾವು ಎಲೆಗೆ ಹಚ್ಚುವ ಅರಳಿದ ಸುಣ್ಣ.

ಅರಳಿದ ಮೇಲೂ ಅದು ತೀಕ್ಷ್ಣವಾದ ಕ್ಷಾರವೇ. ನಮ್ಮ ಜೊಲ್ಲಿನ ಪಿಎಚ್ ಮಟ್ಟ ಸುಮಾರು 7 ಇದ್ದರೆ ಸುಣ್ಣದ ನೀರಿನದು 12ನ್ನೂ ದಾಟುತ್ತದೆ. ಸಾಲದ್ದಕ್ಕೆ ಸುಣ್ಣ ನೀರಿನಲ್ಲಿ ಹೆಚ್ಚು ಕರಗುವುದಿಲ್ಲ. ಒಂದು ಲೀಟರ್ ನೀರಿನಲ್ಲಿ ಎರಡು ಗ್ರಾಂ ಕರಗುವುದೂ ಕಷ್ಟ. ಹೊಸಬರಿಗೆ ಪೆಟ್ಟು ಬೀಳುವುದು ಇಲ್ಲಿಯೇ. ಉಪ್ಪಿನ ಹರಳಾಗಿದ್ದರೆ ಜೊಲ್ಲಿಗೆ ಕರಗಿ ಹರಡಿ ಹೋಗುತ್ತಿತ್ತು. ಸುಣ್ಣದ ಮುದ್ದೆ ಹಾಗೆ ಹೋಗುವುದಿಲ್ಲ. ನಾಲಿಗೆಯ ಅಂಚಿಗೋ ಒಸಡಿನ ಸಂದಿಗೋ ಅಂಟಿ ಕೂತು ಅದೇ ಜಾಗವನ್ನು ನಿಮಿಷಗಟ್ಟಲೆ ಸುಡುತ್ತದೆ. ಆದ್ದರಿಂದ ಮುಂದೆ ಹೇಳುವ ಹಂತಗಳೆಲ್ಲ ಎರಡೇ ಕೆಲಸಕ್ಕೆ: ಬಾಯಿಗೆ ಹೋಗುವ ಸುಣ್ಣ ಕಡಿಮೆಯಿರಬೇಕು, ಅದು ಎಲ್ಲಿಯೂ ಮುದ್ದೆಯಾಗಿ ಉಳಿಯಬಾರದು.

ಮೊದಲ ಹಂತ: ಸುಣ್ಣ ಯಾವುದು, ಎಷ್ಟು ದಿನದ್ದು?

ಎಲೆಗೆ ಹಚ್ಚುವ ಸುಣ್ಣವನ್ನು ಅದಕ್ಕೆಂದೇ ಮಾರುವ ಅಂಗಡಿಯಿಂದ ತನ್ನಿ. ಗೋಡೆಗೆ ಬಳಿಯಲು ತಂದ ಸುಣ್ಣದಲ್ಲಿ ಒಂದು ಚಿಟಿಕೆ ತೆಗೆದು ಡಬ್ಬಿಗೆ ಹಾಕಿಕೊಳ್ಳುವ ಪದ್ಧತಿ ಹಳ್ಳಿಗಳಲ್ಲಿದೆ. ಅದು ಬೇಡ. ಗೋಡೆ ಸುಣ್ಣಕ್ಕೆ ಅಂಟು, ನೀಲಿ ಬೆರೆಸಿರುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಅದರಲ್ಲಿ ಸರಿಯಾಗಿ ಅರಳದ ಹರಳುಗಳು ಉಳಿದಿರುತ್ತವೆ. ಅರಳದ ಹರಳು ಬಾಯಲ್ಲಿ ಜೊಲ್ಲು ತಾಗಿದ ಕೂಡಲೇ ಅಲ್ಲೇ ಅರಳಲು ಶುರುಮಾಡುತ್ತದೆ, ಕ್ಷಾರದ ಜೊತೆಗೆ ಬಿಸಿಯೂ ತಾಗುತ್ತದೆ.

ತಂದ ಸುಣ್ಣವನ್ನು ಪರೀಕ್ಷಿಸುವುದು ಸುಲಭ. ಉಗುರಿನ ತುದಿಯಷ್ಟು ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡಿ, ಕೂಡಲೇ ಕೈ ತೊಳೆಯಿರಿ. ಮರಳಿನಂತೆ ತರಕಲಾಗಿ ಸಿಕ್ಕಿದರೆ ಅದು ಎಲೆಗೆ ಲಾಯಕ್ಕಲ್ಲ. ಅದಕ್ಕೆ ಸಾಕಷ್ಟು ನೀರು ಬೆರೆಸಿ, ತೆಳು ಬಟ್ಟೆಯಲ್ಲಿ ಸೋಸಿ, ಕೆಲವು ದಿನ ನೀರಿನಡಿಯಲ್ಲೇ ಇಟ್ಟು, ಮೇಲೆ ನಿಂತ ತಿಳಿಯನ್ನು ಬಸಿದು ಬಳಸಬೇಕು. ಹೊಸದಾಗಿ ಅರಳಿಸಿದ ಸುಣ್ಣವನ್ನು ಅದೇ ದಿನ ಎಲೆಗೆ ಹಚ್ಚಬಾರದೆಂದು ಹಿರಿಯರು ಹೇಳುವುದು ಇದಕ್ಕೇ. ‘ಹಸೀ ಸುಣ್ಣ ಭಾಳ ಕಡಕ್ ಇರ್ತದ’ ಅನ್ನುತ್ತಾರಲ್ಲ, ಆ ಕಡಕ್‌ತನದಲ್ಲಿ ಅರ್ಧ ಪಾಲು ಈ ಅರಳದ ಹರಳುಗಳದ್ದು.

ಸುಟ್ಟ ಸುಣ್ಣದ ಕಲ್ಲು ತಂದು ಮನೆಯಲ್ಲೇ ಅರಳಿಸುವ ಸಾಹಸ ಬೇಡ ಎಂದೇ ನನ್ನ ಸಲಹೆ. ಮಾಡಲೇಬೇಕೆಂದರೆ ಅಗಲ ಬಾಯಿಯ ಮಣ್ಣಿನ ಅಥವಾ ಉಕ್ಕಿನ ಪಾತ್ರೆಯಲ್ಲಿ ಮೊದಲು ನೀರು ತುಂಬಿ, ಸುಣ್ಣವನ್ನು ಚೂರುಚೂರಾಗಿ ನೀರಿಗೆ ಹಾಕಿ. ಸುಣ್ಣದ ರಾಶಿಯ ಮೇಲೆ ಸ್ವಲ್ಪ ನೀರು ಚಿಮುಕಿಸಿದರೆ ಸಿಡಿಯುತ್ತದೆ. ಮುಚ್ಚಿದ ಬಾಟಲಿಯಲ್ಲಂತೂ ಎಂದೂ ಅರಳಿಸಬೇಡಿ. ಅಲ್ಯುಮಿನಿಯಂ ಪಾತ್ರೆ ಸುಣ್ಣಕ್ಕೆ ಆಗಿಬರುವುದಿಲ್ಲ. ಕ್ಷಾರ ಅದನ್ನು ತಿನ್ನುತ್ತದೆ. ಅಜ್ಜಿಯರ ಸಂಚಿಯಲ್ಲಿದ್ದ ಸುಣ್ಣದ ಡಬ್ಬಿ ಹಿತ್ತಾಳೆಯದೋ ಬೆಳ್ಳಿಯದೋ ಆಗಿರುತ್ತಿತ್ತು, ಅಲ್ಯುಮಿನಿಯಂದಲ್ಲ.

ಡಬ್ಬಿಯಲ್ಲಿ ದಿನಗಟ್ಟಲೆ ಇಟ್ಟ ಸುಣ್ಣದ ಮೇಲೆ ಬಿಳಿ ಹೆಕ್ಕಳಿಕೆ ಕಟ್ಟುತ್ತದೆ. ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡ್ ಹೀರಿ ಸುಣ್ಣ ಮತ್ತೆ ಕಲ್ಲಾಗುವ ಬಗೆ ಅದು. ಹೆಕ್ಕಳಿಕೆ ಸುಡುವುದಿಲ್ಲ, ಆದರೆ ಗರಗಸದಂತೆ ಒಸಡಿಗೆ ತಾಗುತ್ತದೆ. ಕೆರೆದು ಚೆಲ್ಲಿ, ಕೆಳಗಿನ ಮೆತ್ತನೆಯದನ್ನು ತೆಗೆದುಕೊಳ್ಳಿ. ಮೇಲೆ ನಾಲ್ಕು ಹನಿ ನೀರು ನಿಂತಿರುವಂತೆ ನೋಡಿಕೊಂಡರೆ ಹೆಕ್ಕಳಿಕೆ ಕಟ್ಟುವುದು ಕಡಿಮೆ.

ಎರಡನೇ ಹಂತ: ಕೈ ತೊಳೆಯಿರಿ

ಇದನ್ನು ಬೇರೆ ಊರಿನವರಿಗೆ ಬರೆಯುವಾಗ ಬಿಟ್ಟುಬಿಡಬಹುದಿತ್ತು. ನಮ್ಮ ಕಡೆ ಬಿಡುವಂತಿಲ್ಲ. ಸಿಮೆಂಟ್ ಚೀಲ ಹೊರುವವರು, ಗಾರೆ ಕೆಲಸದವರು, ಪ್ಯಾಕಿಂಗ್ ವಿಭಾಗದವರು ಬಿಡುವಿನಲ್ಲಿ ಅದೇ ಕೈಯಲ್ಲಿ ಎಲೆ ಮಡಿಸುತ್ತಾರೆ, ಅದೇ ಅಂಗೈಯಲ್ಲಿ ತಂಬಾಕು ಸುಣ್ಣ ತಿಕ್ಕುತ್ತಾರೆ. ಒದ್ದೆಯಾದ ಸಿಮೆಂಟ್ ಸುಣ್ಣದಷ್ಟೇ ತೀಕ್ಷ್ಣ ಕ್ಷಾರ. ಬೆರಳ ಸಂದಿಯಲ್ಲಿ ಉಳಿದ ಪುಡಿ ಬೆವರಿಗೆ ನೆನೆದು ಎಲೆಯ ಜೊತೆ ಬಾಯಿಗೆ ಹೋದರೆ, ನೀವು ಹಚ್ಚಿದ ಸುಣ್ಣ ಎಷ್ಟೇ ಕಡಿಮೆಯಿದ್ದರೂ ಉಪಯೋಗವಿಲ್ಲ. ಫರ್ಸಿ ಪಾಲಿಶ್ ಮಾಡುವವರ ಕೈಯಲ್ಲಿನ ಕೆಸರು ಸುಡದ ಕಲ್ಲಿನ ಪುಡಿ, ಅದು ಹಾಗೆ ಸುಡುವುದಿಲ್ಲ. ಆದರೂ ಬಾಯಿಗೆ ಹೋಗಬೇಕಾದ ವಸ್ತುವಲ್ಲ. ಸಾಬೂನು ಹಚ್ಚಿ, ಉಗುರಿನಡಿ ಉಜ್ಜಿ ತೊಳೆದುಕೊಂಡು ಆಮೇಲೆ ಎಲೆ ಮುಟ್ಟಿ.

ಮೂರನೇ ಹಂತ: ಎಲೆ, ಅಳತೆ, ಮಡಿಕೆ

ಎಲೆಗೂ ತನ್ನದೇ ಆದ ಖಾರವಿದೆ. ಬಲಿತ, ದಪ್ಪನೆಯ, ಕಡುಹಸಿರು ಎಲೆ ಹೊಸ ನಾಲಿಗೆಗೆ ತುಸು ಜೋರು. ಎಳೆಯದು, ತೆಳ್ಳಗಿನದು, ಬಣ್ಣ ತಿಳಿಯಾದದ್ದು ಸೌಮ್ಯ. ಪಾನ್ ಅಂಗಡಿಯಲ್ಲಿ ಕೇಳುವುದಾದರೆ ಕಲ್ಕತ್ತಾ ಎಲೆಗಿಂತ ಮಘೈ ಅಥವಾ ಬನಾರಸಿ ಕೇಳಿ. ಎಲೆಯನ್ನು ಎರಡೂ ಬದಿ ತೊಳೆದು ಒರೆಸಿ, ತೊಟ್ಟು ಮುರಿದು, ದಪ್ಪ ನಡುನರವನ್ನು ಸುಲಿದು ತೆಗೆಯಿರಿ. ನೀರು ಉಳಿದರೆ ಸುಣ್ಣ ಜಾರಿ ಒಂದೆಡೆ ಸೇರುತ್ತದೆ. ಒರೆಸುವುದು ಅದಕ್ಕೇ.

ಸುಣ್ಣ ಎಷ್ಟು? ತೊಗರಿ ನಾಡಿನವರಿಗೆ ತೊಗರಿಬೇಳೆಯ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಒಂದು ಬೇಳೆಯಷ್ಟು ತೀರಾ ಹೆಚ್ಚು. ಹೊಸಬರಿಗೆ ಒಂದು ಸಾಸಿವೆ ಕಾಳಿನಷ್ಟು ಸಾಕು. ಅದೂ ಒಂದೇ ಕಡೆ ಇಡುವುದಲ್ಲ. ಬೆರಳ ತುದಿಯಿಂದ ಎಲೆಯ ಹಿಂಬದಿಯ ನಡುಭಾಗಕ್ಕೆ ಹಚ್ಚಿ, ಎಲೆಯ ಹಸಿರು ಕಾಣಿಸುವಷ್ಟು ತೆಳುವಾಗಿ ಹರಡಬೇಕು. ಬೆಳ್ಳಗೆ ಗೆರೆ ಕಂಡರೆ ಹೆಚ್ಚಾಯಿತೆಂದೇ ಲೆಕ್ಕ, ಇನ್ನೊಂದು ಎಲೆಯಿಂದ ಒತ್ತಿ ತೆಗೆಯಿರಿ. ಅಂಚಿನಿಂದ ಒಂದು ಬೆರಳಗಲ ಬಿಡಿ. ಎಲೆ ಬಾಯಿಗೆ ಹೋದಾಗ ತುಟಿ, ನಾಲಿಗೆಯ ತುದಿಗೆ ಮೊದಲು ತಾಗುವುದು ಅಂಚೇ.

ಮಡಿಸುವಾಗ ಸುಣ್ಣ ಹಚ್ಚಿದ ಮೈ ಒಳಗಿರಲಿ. ಅದರ ಮೇಲೆ ಅಡಿಕೆ, ಅದರ ಮೇಲೆ ಕೊಬ್ಬರಿ ತುರಿ, ಬಡೇಸೋಪು, ಗುಲಕಂದ ಹಾಕಿ.  ಸಕ್ಕರೆ, ಬೆಲ್ಲ ರುಚಿಗೆ ಮಾತ್ರ; ಅವು ಸುಣ್ಣದ ಕ್ಷಾರವನ್ನು ಕಳೆಯುವುದಿಲ್ಲ.

ಅಂಗಡಿಯಲ್ಲಿ ಕಟ್ಟಿಸಿಕೊಳ್ಳುವಾಗ ಪಾನ್‌ವಾಲಾನ ಕೈಯನ್ನು ಗಮನಿಸಿ. ಒಂದು ಕಡ್ಡಿ ಕಾಚಿಗೆ, ಒಂದು ಸುಣ್ಣಕ್ಕೆ. ಸಂಜೆಯ ಗದ್ದಲದಲ್ಲಿ ಸುಣ್ಣದ ಕಡ್ಡಿ ಎಲೆಯ ಮೇಲೆ ಎರಡು ಸಲ ಓಡುತ್ತದೆ. ‘ಚುನಾ ಕಮ್ಮಿ ಹಚ್ರಿ, ತಂಬಾಕ ಹಾಕಬ್ಯಾಡ್ರಿ’ ಎಂದು ಎಲೆ ಎತ್ತಿಕೊಳ್ಳುವ ಮೊದಲೇ ಹೇಳಬೇಕು. ಮಡಿಸಿ ಲವಂಗ ಚುಚ್ಚಿದ ಮೇಲೆ ಹೇಳಿದರೆ ಬಿಚ್ಚಿ ಸರಿಮಾಡುವವರು ಅಪರೂಪ.

ಇನ್ನೊಂದು ದಾರಿಯಿದೆ, ನನಗೆ ಅದೇ ಇಷ್ಟ. ಸುಣ್ಣ ಬೇಕಾಗುವುದೇ ಅಡಿಕೆಗೆ, ಕಾಚಿಗೆ. ಬಾಯಿ ಕೆಂಪಾಗುವುದು ಅವುಗಳಲ್ಲಿನ ಒಗರು ಅಂಶ ಸುಣ್ಣದೊಂದಿಗೆ ಸೇರಿದಾಗ. ಅಡಿಕೆ, ಕಾಚು ಎರಡನ್ನೂ ಬಿಟ್ಟರೆ ಸುಣ್ಣಕ್ಕೆ ಅಲ್ಲಿ ಕೆಲಸವೇ ಇಲ್ಲ. ಎಲೆ, ಗುಲಕಂದ, ಬಡೇಸೋಪು, ಕೊಬ್ಬರಿ, ಒಂದು ಏಲಕ್ಕಿ ಇಷ್ಟೇ ಸೇರಿಸಿ ಮಡಿಸಿ. ಬಾಯಿ ಕೆಂಪಾಗುವುದಿಲ್ಲ ನಿಜ, ಆದರೆ ಬಾಯಿ ಸುಡುವುದೂ ಇಲ್ಲ. ಮಕ್ಕಳು ಹಟ ಮಾಡಿದರೆ ಅವರಿಗೆ ಕೊಡಬಹುದಾದದ್ದು ಇದೊಂದೇ.

ನಾಲ್ಕನೇ ಹಂತ: ಬಾಯಲ್ಲಿ ಇಟ್ಟ ಮೇಲೆ

ಹೊಟ್ಟೆ ತುಂಬಿದ ಮೇಲೆ ಹಾಕಿಕೊಳ್ಳಿ, ಖಾಲಿ ಹೊಟ್ಟೆಯಲ್ಲಿ ಬೇಡ. ಖಾರದ ಊಟ ಮುಗಿದಿದ್ದರೆ ಒಮ್ಮೆ ಬಾಯಿ ಮುಕ್ಕಳಿಸಿ, ಸ್ವಲ್ಪ ಮಜ್ಜಿಗೆ ಕುಡಿದು ಆಮೇಲೆ ಹಾಕಿಕೊಳ್ಳಿ. ಮೆಣಸಿನಕಾಯಿಗೆ ಆಗಲೇ ಉರಿಯುತ್ತಿರುವ ನಾಲಿಗೆಗೆ ಸುಣ್ಣ ತಾಗಿದರೆ ಯಾವುದರ ಉರಿ ಎಷ್ಟು ಎಂಬುದೇ ತಿಳಿಯುವುದಿಲ್ಲ. ಬಾಯಲ್ಲಿ ಹುಣ್ಣಿದ್ದರೆ, ಹಲ್ಲು ಕೀಳಿಸಿಕೊಂಡಿದ್ದರೆ, ನಾಲಿಗೆ ಕಚ್ಚಿಕೊಂಡಿದ್ದರೆ ಆ ದಿನ ಎಲೆ ಬೇಡವೇ ಬೇಡ.

ಇಟ್ಟ ಕೂಡಲೇ ಒಂದು ಕೆನ್ನೆಗೆ ಒತ್ತಿ ಇಟ್ಟುಕೊಳ್ಳುವುದು ಹಳಬರ ಅಭ್ಯಾಸ. ಅದನ್ನು ಅನುಕರಿಸಬೇಡಿ. ಬಾಯಿ ತುಂಬ ಆಡಿಸುತ್ತ, ಎರಡೂ ಕಡೆಯ ಹಲ್ಲಿನಲ್ಲಿ ಜಗಿಯಿರಿ. ಜೊಲ್ಲು ಹೆಚ್ಚು ಬಂದಷ್ಟೂ ಸುಣ್ಣ ತೆಳುವಾಗುತ್ತದೆ. ಮೊದಲ ಚುರುಕು ಕಂಡ ಕ್ಷಣವೇ ಉಗಿಯಿರಿ. ‘ಇನ್ನೊಂದು ನಿಮಿಷ ತಡಿ, ಹೋಗ್ತದ’ ಅನ್ನುವವರು ಇದ್ದೇ ಇರುತ್ತಾರೆ. ಹೋಗುವುದು ಉರಿಯಲ್ಲ, ನಾಲಿಗೆಯ ಮೇಲಿನ ಚರ್ಮ. ಉಗಿಯಲು ಕವರೋ ಪೀಕದಾನಿಯೋ ಹತ್ತಿರವಿರಲಿ. ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರಂ ಅದಕ್ಕಲ್ಲ, ಬಸ್ ನಿಲ್ದಾಣದ ಮೂಲೆಯೂ ಅಲ್ಲ.

ಸುಟ್ಟರೆ ಏನು ಮಾಡಬೇಕು?

ಎಲ್ಲವನ್ನೂ ಉಗಿದು, ತಣ್ಣೀರಿನಲ್ಲಿ ಮತ್ತೆ ಮತ್ತೆ ಮುಕ್ಕಳಿಸಿ. ಒಂದೆರಡು ಸಲವಲ್ಲ, ಐದಾರು ನಿಮಿಷವಾದರೂ. ನಾಲಿಗೆಯಡಿ, ಕೆಳತುಟಿಯ ಒಳಗೆ ಮುದ್ದೆ ಕೂತಿದೆಯೇ ಎಂದು ಕನ್ನಡಿಯಲ್ಲಿ ನೋಡಿ, ಒದ್ದೆ ಬಟ್ಟೆಯಿಂದ ಮೆಲ್ಲಗೆ ತೆಗೆಯಿರಿ. ತಿಕ್ಕಬೇಡಿ. ಚೆನ್ನಾಗಿ ತೊಳೆದಾದ ಮೇಲೆ ತಣ್ಣನೆಯ ಹಾಲು, ಮೊಸರು ಅಥವಾ ತುಪ್ಪ ಹಿತ ಕೊಡುತ್ತವೆ. ತೊಳೆಯುವ ಮೊದಲೇ ತುಪ್ಪ ಸವರಿದರೆ ಸುಣ್ಣ ಅದರಡಿಯಲ್ಲೇ ಉಳಿದುಬಿಡುತ್ತದೆ.

ಕ್ಷಾರಕ್ಕೆ ಹುಳಿ ಎಂದು ನಿಂಬೆಹಣ್ಣು ಹಿಂಡುವುದು, ಹುಣಸೆಹಣ್ಣು ಚೀಪುವುದು ಕೆಲವರು ಹೇಳುವ ಉಪಾಯ. ಲೆಕ್ಕದಲ್ಲಿ ಸರಿ ಅನ್ನಿಸುತ್ತದೆ, ಸುಲಿದ ಬಾಯಿಗೆ ಅಲ್ಲ. ಹುಳಿಯೇ ಇನ್ನೊಂದು ಗಾಯ ಮಾಡುತ್ತದೆ. ಬರೀ ನೀರೇ ಸಾಕು. ಎರಡು ಮೂರು ದಿನ ಖಾರ, ಬಿಸಿ ಚಹಾ, ಗಟ್ಟಿ ರೊಟ್ಟಿ ಬಿಟ್ಟು ಗಂಜಿ, ಮೊಸರನ್ನದಲ್ಲಿ ಕಳೆಯಿರಿ. ಸಾಮಾನ್ಯವಾಗಿ ವಾರ ಹತ್ತು ದಿನದಲ್ಲಿ ಮಾಯುತ್ತದೆ. ಸುಣ್ಣ ನುಂಗಿ ಗಂಟಲು, ಎದೆ ಉರಿಯುತ್ತಿದ್ದರೆ, ನುಂಗಲು ತ್ರಾಸಾದರೆ ವಾಂತಿ ಮಾಡಿಸಲು ಹೋಗದೆ ಆಸ್ಪತ್ರೆಗೆ ಹೋಗಿ. ಮೊಬೈಲಿನಲ್ಲಿ ಓಡಾಡುವ ‘ದಿನಾ ಗೋಧಿ ಕಾಳಿನಷ್ಟು ಸುಣ್ಣ ತಿಂದರೆ ಎಲುಬು ಗಟ್ಟಿ’ ಎಂಬ ಸಂದೇಶವನ್ನು ಅಳಿಸಿಹಾಕಿ. ಕ್ಯಾಲ್ಸಿಯಂ ಬೇಕಾದವರಿಗೆ ಹಾಲು, ಮೊಸರು, ರಾಗಿ, ಎಳ್ಳು ಇವೆ.

ಬಾಯಿಗಿಂತ ದೊಡ್ಡ ಅಪಾಯ ಕಣ್ಣಿಗೆ. ಚಿಕ್ಕ ಪ್ಲಾಸ್ಟಿಕ್ ಟ್ಯೂಬು, ಪೊಟ್ಟಣಗಳಲ್ಲಿ ಬರುವ ಸುಣ್ಣವನ್ನು ಮಕ್ಕಳು ಆಟದ ಸಾಮಾನೆಂದು ಹಿಚುಕುತ್ತಾರೆ. ಅದು ಒಡೆದು ಚಿಮ್ಮುವುದು ನೇರ ಮುಖಕ್ಕೆ. ದೇಶದ ಹಲವು ಕಣ್ಣಾಸ್ಪತ್ರೆಗಳಿಗೆ ಇಂಥ ಮಕ್ಕಳು ಬರುತ್ತಾರೆ, ಕೆಲವರು ದೃಷ್ಟಿಯನ್ನೇ ಕಳೆದುಕೊಳ್ಳುತ್ತಾರೆ. ಸಿಡಿದರೆ ಒಂದು ಕ್ಷಣವೂ ಕಾಯದೆ ನಲ್ಲಿಯ ಕೆಳಗೆ ಹಿಡಿದು, ರೆಪ್ಪೆ ಬಿಡಿಸಿ, ಕಡಿಮೆಯೆಂದರೂ 20ರಿಂದ 30 ನಿಮಿಷ ನೀರು ಹರಿಸಿ. ಕುಡಿಯುವ ನೀರೇ ಬೇಕೆಂದು ಹುಡುಕುತ್ತ ಕೂರಬೇಡಿ, ಸಿಕ್ಕ ಶುಭ್ರ ನೀರು ಸಾಕು. ಉಜ್ಜಬೇಡಿ, ಎದೆಹಾಲು, ಎಣ್ಣೆ ಹಾಕಬೇಡಿ. ತೊಳೆದ ಮೇಲೆಯೇ ಗಾಡಿ ಹತ್ತಿ ಕಣ್ಣಿನ ವೈದ್ಯರ ಬಳಿ ಹೋಗಿ. ಚಿಂಚೋಳಿ ಕಡೆಯ ಹಳ್ಳಿಯಿಂದ ಕಲಬುರಗಿ ತಲುಪುವ ಹೊತ್ತಿಗೆ ತೊಳೆಯದ ಸುಣ್ಣ ಮಾಡುವ ಹಾನಿ ಮಾಡಿ ಮುಗಿಸಿರುತ್ತದೆ.

ಸುಣ್ಣದ್ದಲ್ಲದ ಉರಿ

ಈಗ ದಿನವೂ ಹಾಕಿಕೊಳ್ಳುವವರ ವಿಷಯ. ಬಾಯಿ ಉರಿದಾಗಲೆಲ್ಲ ‘ಇವತ್ತ ಸುಣ್ಣ ಭಾಳ ಆಗ್ಯದ’ ಎಂದು ಸಮಾಧಾನ ಮಾಡಿಕೊಳ್ಳುವುದು ನಮ್ಮಲ್ಲಿ ಸಾಮಾನ್ಯ. ಎಷ್ಟೋ ಸಲ ತಪ್ಪು ಸುಣ್ಣದ್ದಲ್ಲ.

ವ್ಯತ್ಯಾಸ ಹೀಗೆ ತಿಳಿಯಿರಿ. ಸುಣ್ಣದ ಉರಿ ತಾಗಿದ ಜಾಗದಲ್ಲಿ ಇರುತ್ತದೆ, ಎಲೆ ಬಿಟ್ಟರೆ ಕೆಲವೇ ದಿನದಲ್ಲಿ ಇಳಿಯುತ್ತದೆ. ಎಲೆ ಹಾಕದ ದಿನವೂ ಒಂದು ತುತ್ತು ಖಾರಕ್ಕೆ ಇಡೀ ಬಾಯಿ ಉರಿದರೆ, ಮೊದಲು ಸಲೀಸಾಗಿ ತಿನ್ನುತ್ತಿದ್ದ ಮಿರ್ಚಿ ಭಜಿ ಈಗ ಮುಟ್ಟಲಾಗದಿದ್ದರೆ, ಅದು ಅಡಿಕೆಯಿಂದ ಬಾಯಿಯ ಒಳಪೊರೆ ಗಟ್ಟಿಯಾಗುವ ರೋಗದ ಮೊದಲ ಸೂಚನೆಯಿರಬಹುದು. ಗುಟ್ಕಾ, ಪಾನ್ ಮಸಾಲಾ ತಿನ್ನುವ ಹುಡುಗರಲ್ಲೂ ಇದು ಕಾಣಿಸುತ್ತದೆ. ಮುಂದುವರಿದರೆ ಕೆನ್ನೆ ಬಿಳಿಚಿ ಬಿಗಿಯುತ್ತದೆ, ಬಾಯಿ ತೆರೆಯುವುದು ಕಡಿಮೆಯಾಗುತ್ತ ಬರುತ್ತದೆ, ಕ್ಯಾನ್ಸರಿಗೂ ತಿರುಗಬಹುದು.

ಮನೆಯಲ್ಲೇ ನೋಡಿಕೊಳ್ಳಲು ಒಂದು ಉಪಾಯವಿದೆ. ನಿಮ್ಮದೇ ತೋರುಬೆರಳು, ನಡುಬೆರಳು, ಉಂಗುರ ಬೆರಳು ಮೂರನ್ನೂ ಜೋಡಿಸಿ, ಒಂದರ ಮೇಲೊಂದು ಬರುವಂತೆ ನೆಟ್ಟಗೆ, ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಡಿ. ಮೂರೂ ಹಿಡಿಸಬೇಕು. ಎರಡೇ ಹಿಡಿಸಿದರೆ ದಂತವೈದ್ಯರನ್ನು ಕಾಣಲು ಮತ್ತೊಂದು ಕಾರಣ ಬೇಕಿಲ್ಲ. ಎರಡು ವಾರ ಕಳೆದರೂ ಮಾಯದ ಹುಣ್ಣು, ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಕಾರಣವಿಲ್ಲದೆ ಸಡಿಲವಾದ ಹಲ್ಲು, ಕುತ್ತಿಗೆಯಲ್ಲಿ ಗಂಟು ಇವು ಕಂಡರೂ ಅಷ್ಟೇ.

ತಂಬಾಕು ಸುಣ್ಣ ತಿಕ್ಕಿ ತುಟಿಯೊಳಗೆ ಇಡುವವರಿಗೆ ಸುಣ್ಣ ಎರಡು ಕೆಟ್ಟ ಕೆಲಸ ಮಾಡುತ್ತದೆ. ದಿನವೂ ಅದೇ ಜಾಗವನ್ನು ಸುಡುತ್ತದೆ. ತಂಬಾಕಿನ ನಿಕೋಟಿನ್ ಬೇಗ ರಕ್ತಕ್ಕೆ ಇಳಿಯುವಂತೆ ಮಾಡಿ ಚಟವನ್ನು ಬಿಗಿ ಮಾಡುತ್ತದೆ. ಸುಣ್ಣ ಕಡಿಮೆ ಮಾಡಿದರೆ ತಂಬಾಕು ನಿರಪಾಯವಾಗುವುದಿಲ್ಲ. ಚಿಲುಮೆ, ಚುಟ್ಟಾ, ಪೈಪ್ ಸೇದುವವರ ನಾಲಿಗೆ ಉರಿಗೆ ಬಿಸಿ ಹೊಗೆಯ ಜೊತೆ ಹೊಗೆಯ ಕ್ಷಾರವೂ ಕಾರಣ. ನಿಧಾನ ಸೇದಿದರೆ ಉರಿ ಕಡಿಮೆಯಾದೀತು, ರೋಗದ ಅಪಾಯ ಹೋಗುವುದಿಲ್ಲ. ತಂಬಾಕು ಬೆರೆತ ಗುಟ್ಕಾವನ್ನು ಕರ್ನಾಟಕ 2013ರಲ್ಲೇ ನಿಷೇಧಿಸಿತು. ಆದರೆ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಅಂಗಡಿಯಲ್ಲಿ ಒಟ್ಟೊಟ್ಟಿಗೇ ತೂಗಾಡುತ್ತವೆ. ಬಾಯಿಯಲ್ಲಿ ಅವೆರಡೂ ಒಂದೇ.

ತಂಬಾಕು ಬಿಡಬೇಕೆನ್ನುವವರು 1800112356 ಎಂಬ ರಾಷ್ಟ್ರೀಯ ಉಚಿತ ಸಹಾಯವಾಣಿಗೆ ಕರೆ ಮಾಡಬಹುದು. ಬಾಯಿ ತೋರಿಸಲು ಕಲಬುರಗಿಯಲ್ಲಿ ದಂತ ವೈದ್ಯಕೀಯ ಕಾಲೇಜುಗಳಿವೆ, ಕಿದ್ವಾಯಿ ಸಂಸ್ಥೆಯ ಕೇಂದ್ರವೂ ಇದೆ. ಹೋಗುವಾಗ ಏನು ತಿನ್ನುತ್ತೀರಿ, ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ಬಾಯಿಯ ಯಾವ ಬದಿಗೆ ಇಟ್ಟುಕೊಳ್ಳುತ್ತೀರಿ ಎಂಬುದನ್ನು ಮುಚ್ಚಿಡದೆ ಹೇಳಿ. ವೈದ್ಯರು ಮೊದಲು ಬೆಳಕು ಹಿಡಿದು ನೋಡುವುದು ಆ ಬದಿಯನ್ನೇ.